ಬೀಗ ಹಾಕಿದ ಮರಾಠಿ

ತ್ರ್ಯಂಬಕದಲ್ಲಿ ಹುಟ್ಟಿ ನಾಸಿಕವನ್ನು ಹಾದುಹೋಗುವ ಗೋದಾವರಿಯು ಮುಂದೆ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣವನ್ನು ಮುಟ್ಟುತ್ತದೆ. ‘ಕವಿರಾಜಮಾರ್ಗ’ವು ಕನ್ನಡನಾಡಿನ ಎಲ್ಲೆಯೆಂದು ಹೇಳಿದ ಈ ನದಿಯನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಇದೇ ದಡದ ಇನ್ನೊಂದು ಭಾಷಾಚರಿತ್ರೆಯೂ ನಮಗೆ ಬೇಕಾದದ್ದೇ.

13ನೆಯ ಶತಮಾನದಲ್ಲಿ ಪೈಠಣದಲ್ಲಿ ಕೆಲಕಾಲ ನೆಲೆಸಿದ್ದ ಚಕ್ರಧರಸ್ವಾಮಿಗಳು ಮಹಾನುಭಾವ ಪಂಥವನ್ನು ಬೆಳೆಸಿದರು. ಅವರ ಉಪದೇಶವೆಲ್ಲ ಜನರಾಡುವ ಮರಾಠಿಯಲ್ಲಿ. ಮ್ಹಾಯಿಂಭಟನು ಸಂಗ್ರಹಿಸಿದ ಅವರ ಚರಿತೆ ‘ಲೀಳಾಚರಿತ್ರ’ವು ಮರಾಠಿಯ ಆದ್ಯ ಗದ್ಯಗ್ರಂಥಗಳಲ್ಲೊಂದು. ಚಕ್ರಧರರ ಬಳಿಕ ಪಂಥವನ್ನು ನಡೆಸಿದ ನಾಗದೇವಾಚಾರ್ಯರು ಸಂಸ್ಕೃತದಲ್ಲಿ ಬರೆಯಹೊರಟ ಕೇಶಿರಾಜನನ್ನು ತಡೆದರೆಂದು ಪರಂಪರೆ ಹೇಳುತ್ತದೆ. ಹಾಗೆ ಬರೆದರೆ ತಮ್ಮ ಪಂಥದ ಮುದುಕಿಯರು ವಂಚಿತರಾಗುವರೆಂಬುದು ಅವರ ಕಾಳಜಿ.

ಮುಂದಿನ ತಲೆಮಾರುಗಳು ಅದೇ ಮರಾಠಿಗೆ ಬೀಗ ಹಾಕಿದವು. ಸಕಳ, ಸುಂದರಿ ಮೊದಲಾದ ಗುಪ್ತಲಿಪಿಗಳು ಹುಟ್ಟಿಕೊಂಡವು. ಸಕಳದ ತಂತ್ರವು ಒಂದು ಅಕ್ಷರದ ಜಾಗದಲ್ಲಿ ಇನ್ನೊಂದನ್ನು ಬರೆಯುವುದು. ಭಾಷೆ ಬದಲಾಗದು, ವ್ಯಾಕರಣ ಬದಲಾಗದು. ಆದರೂ ಕೀಲಿ ಅರಿಯದವನಿಗೆ ಪುಟವೆಲ್ಲ ಶೂನ್ಯ. ನಮ್ಮ ಮಕ್ಕಳು ಅಕ್ಷರಕ್ಕೊಂದು ‘ಕ’ ಸೇರಿಸಿ ಆಡುವ ಕ-ಭಾಷೆಯು ಮಾತನ್ನು ಮರೆಸುತ್ತದೆ. ಅಲ್ಲಮನ ಬೆಡಗಿನ ವಚನವು ಅರ್ಥವನ್ನು ಮರೆಸುತ್ತದೆ. ಸಕಳವು ಬರಹವನ್ನೇ ಮರೆಸಿತು.

ಈ ಗ್ರಂಥಗಳು ಹೊರಗಿನ ವಿದ್ವಾಂಸರಿಗೆ ತೆರೆದುಕೊಂಡದ್ದು 20ನೆಯ ಶತಮಾನದ ಆರಂಭದಲ್ಲಿ, ಇತಿಹಾಸಕಾರ ವಿ. ಕಾ. ರಾಜವಾಡೆಯವರು ಲಿಪಿಯ ಗುಟ್ಟನ್ನು ಬಿಡಿಸಿದ ಮೇಲೆ. ಅಲ್ಲಿಯವರೆಗೆ ಪಂಥದ ಬಗ್ಗೆ ಅಪವಾದಗಳು ಹಬ್ಬಿದ್ದವು. ಅವಕ್ಕೆ ಉತ್ತರ ಹೇಳಬಲ್ಲ ಪುಸ್ತಕಗಳು ಬೀಗದೊಳಗಿದ್ದವು.

ಬೀಗವು ಪಾಠವನ್ನಾದರೂ ಕಾಯಿತೇ? ಎಲ್ಲರೂ ಹಾಡಿಕೊಂಡ ‘ಜ್ಞಾನೇಶ್ವರಿ’ಯಲ್ಲಿ ಪಾಠಭೇದಗಳು ತುಂಬಿದ್ದರಿಂದ ಪೈಠಣದ ಏಕನಾಥರು 1584ರಲ್ಲಿ ಅದನ್ನು ಪರಿಷ್ಕರಿಸಬೇಕಾಯಿತು. ಆದರೆ ಮುಚ್ಚಿಟ್ಟ ‘ಲೀಳಾಚರಿತ್ರ’ದಲ್ಲಿಯೂ ಪಾಠಾಂತರಗಳು ಹೇರಳ. ಗುಟ್ಟು ಬದಲಾವಣೆಯನ್ನು ತಡೆಯಲಿಲ್ಲ, ಓದುಗರನ್ನು ತಡೆಯಿತು.

ಹೊರನಾಡಿನ ನಮಗೆ ಇದು ದೂರದ ಮಾತಲ್ಲ. ಸಂತೆಯಲ್ಲಿ ಬೆಲೆ ಚೌಕಾಸಿಗೆ, ನೆರೆಯವರಿಗೆ ತಿಳಿಯದ ಗುಸುಗುಸುವಿಗೆ ನಾವು ಕನ್ನಡವನ್ನು ಹೊರತೆಗೆಯುತ್ತೇವೆ. ಅನುಕೂಲವೇನೋ ಹೌದು. ಆದರೆ ಅಷ್ಟಕ್ಕೇ ಉಳಿದ ಕನ್ನಡವು ಮನೆಯ ಸಕಳಲಿಪಿಯಾದೀತು. ಕೀಲಿ ಮೊಮ್ಮಕ್ಕಳ ಕೈಸೇರದೆ ಹೋದರೆ ಅಜ್ಜಿಯ ಮಾತು ಅವರಿಗೇ ಗುಟ್ಟಾದೀತು. ನಾಗದೇವಾಚಾರ್ಯರು ಮುದುಕಿಯರಿಗಾಗಿ ಪಟ್ಟ ಕಾಳಜಿಯನ್ನು ನಾವು ಮಕ್ಕಳಿಗಾಗಿ ಪಡಬೇಕಾಗಿದೆ.