ಮರಕ್ಕೊಂದು ಕಿವಿ ಬಂದ ಕತೆ

ಸರ್ರಿಯಲಿಸಂ ಅಂದ ಕೂಡಲೇ ನೆನಪಾಗುವುದು ಡಾಲಿಯ ಕರಗಿ ಜೋತುಬಿದ್ದ ಗಡಿಯಾರಗಳು. ಕನಸು, ಭ್ರಮೆ, ತಲೆಬುಡ ಇಲ್ಲದ್ದು... ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಗಡಿಯಾರಗಳು ಬಂದದ್ದು 1931ರಲ್ಲಿ. ಅದಕ್ಕೂ ಏಳೆಂಟು ವರ್ಷ ಮೊದಲೇ ಒಬ್ಬ ಚಿತ್ರಕಾರ ಉತ್ತ ಹೊಲದಲ್ಲೊಂದು ಮರ ಬರೆದು, ಅದರ ಕಾಂಡಕ್ಕೊಂದು ಕಿವಿ, ಎಲೆಗಳ ನಡುವೆ ಒಂದು ಕಣ್ಣು ಇಟ್ಟಿದ್ದ. ಆ ಮರದ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಅನ್ನಿಸುತ್ತಿತ್ತು. ಇವತ್ತು ಕೂತಿದ್ದೇನೆ.

ಚಿತ್ರಕಾರನ ಹೆಸರು ಜುವಾನ್ ಮಿರೋ. ಹುಟ್ಟಿದ್ದು 1893ರಲ್ಲಿ, ಸ್ಪೇನಿನ ಬಾರ್ಸಿಲೋನಾದಲ್ಲಿ. ಆದರೆ ಅವನನ್ನು ಬರೀ ಸ್ಪೇನಿನವನು ಅಂದುಬಿಟ್ಟರೆ ಅರ್ಧ ಕತೆ ಕೈತಪ್ಪುತ್ತದೆ. ಅವನು ಕ್ಯಾಟಲನ್. ಮಾತೂ ಬೇರೆ, ಹೆಸರೂ ಬೇರೆ. ಸ್ಪ್ಯಾನಿಷಿನಲ್ಲಿ ಹುವಾನ್ ಆಗುವುದು ಕ್ಯಾಟಲನ್ನಿನಲ್ಲಿ ಜುವಾನ್.

ಮಗ ಚಿತ್ರ-ಗಿತ್ರ ಬಿಟ್ಟು ಒಂದು ನೌಕರಿ ಹಿಡಿಯಲಿ ಅಂತ ಅಪ್ಪನ ಆಸೆ (ಇದು ಎಲ್ಲಾ ದೇಶದಲ್ಲೂ ಒಂದೇ ಇರಬೇಕು!). ಹುಡುಗ ಲೆಕ್ಕ ಬರೆಯುವ ಗುಮಾಸ್ತನಾದ. ಮನಸ್ಸು ಕುಸಿಯಿತು, ಮೇಲೆ ಟೈಫಾಯ್ಡ್ ಬಂತು. 1911ರಲ್ಲಿ ಮನೆಯವರು ಸುಧಾರಿಸಿಕೊಳ್ಳಲಿ ಅಂತ ತಮ್ಮ ತೋಟದ ಮನೆಗೆ ಕಳಿಸಿದರು. ಊರು ಮೊನ್-ರೋಚ್. ಹಾಗೆಂದರೆ ಕೆಂಪು ಗುಡ್ಡ. ಅಲ್ಲಿ ಅವನು ಗುಮಾಸ್ತಿಕೆ ಮರೆತ, ಗಿಡಮರ ನೋಡುವುದನ್ನು ಕಲಿತ.

ಎಷ್ಟು ನೋಡಿದ ಅಂದರೆ, 1921-22ರಲ್ಲಿ ಬರೆದ 'ತೋಟ' ಎಂಬ ಚಿತ್ರಕ್ಕೆ ಸುಮಾರು ಒಂಬತ್ತು ತಿಂಗಳು ಹಿಡಿಯಿತು. ನಡುವೆ ಒಂದು ನೀಲಗಿರಿ ಮರ (ಹೌದು, ನಮ್ಮಲ್ಲೂ ಸಾಲುಸಾಲಾಗಿ ನೆಟ್ಟಿರುವ ಅದೇ ಆಸ್ಟ್ರೇಲಿಯಾದ ಮರ). ಎಲೆಗಳನ್ನು ಒಂದೊಂದಾಗಿ ಎಣಿಸಿಟ್ಟಂತೆ ಬರೆದಿದ್ದಾನೆ. ಶುರು ಮಾಡಿದ್ದು ಮೊನ್-ರೋಚ್‌ನಲ್ಲಿ, ಮುಗಿಸಿದ್ದು ಪ್ಯಾರಿಸ್ಸಿನಲ್ಲಿ. ನೋಡಿಕೊಂಡೇ ಮುಗಿಸಬೇಕು ಅಂತ ಊರಿನ ಒಣಹುಲ್ಲನ್ನು ಪ್ಯಾರಿಸ್ಸಿಗೆ ಒಯ್ದಿದ್ದನಂತೆ! ನಾವು ಊರಿಂದ ಹೊರಡುವಾಗ ಉಪ್ಪಿನಕಾಯಿ ಕಟ್ಟಿಕೊಳ್ಳುವ ಹಾಗೆ. ಈ ಚಿತ್ರವನ್ನು 1925ರಲ್ಲಿ ಕೊಂಡವನು ಆಗಿನ್ನೂ ಹೆಸರಾಗದಿದ್ದ ಅರ್ನೆಸ್ಟ್ ಹೆಮಿಂಗ್ವೇ.

ಮರುವರ್ಷ, 1923ರ ಬೇಸಿಗೆಯಲ್ಲಿ, ಮಿರೋ ಮತ್ತೆ ತೋಟಕ್ಕೆ ಬಂದು 'ಉತ್ತ ಹೊಲ' ಶುರು ಮಾಡಿದ. ಅದೇ ಊರು, ಅದೇ ಮರಗಿಡ. ಆದರೆ ಎಲ್ಲ ಬದಲಾಗಿದೆ. ಹೊಲ, ಆಕಾಶ ಎರಡಕ್ಕೂ ಹಳದಿ-ಕಂದು ಬಣ್ಣ. ಪೈನ್ ಮರಕ್ಕೆ ಕಿವಿ ಮೂಡಿದೆ, ಕಣ್ಣು ತೆರೆದಿದೆ. ಅದರ ಕಾಯಿ ಬೇಡವೆನ್ನುವಷ್ಟು ದೊಡ್ಡದು. ಕೆಳಗೊಂದು ಹಲ್ಲಿ ಚೂಪು ಟೋಪಿ ಹಾಕಿಕೊಂಡಿದೆ. ಮೇಲೆ ಒಂದು ಎತ್ತು ನೇಗಿಲು ಎಳೆಯುತ್ತಿದೆ. ಆ ಎತ್ತಿನ ಗೆರೆಯಲ್ಲಿ ಆಲ್ಟಮೀರಾ ಗುಹೆಯ ಚಿತ್ರಗಳ ನೆನಪಿದೆ, ಮರದ ಕಣ್ಣಿನ ಹಿಂದೆ ಕ್ಯಾಟಲನ್ ನಾಡಿನ ಹಳೇ ಚರ್ಚುಗಳ ಗೋಡೆಚಿತ್ರಗಳಿವೆ ಅನ್ನುತ್ತಾರೆ ಬಲ್ಲವರು.

ಆಂದ್ರೆ ಬ್ರೆತಾನ್ ಸರ್ರಿಯಲಿಸಂನ ಘೋಷಣಾಪತ್ರ ಹೊರತಂದದ್ದು 1924ರ ಅಕ್ಟೋಬರಿನಲ್ಲಿ. ಅಂದರೆ ಪಂಥಕ್ಕೆ ನಾಮಕರಣ ಆಗುವ ಮೊದಲೇ ಈ ಮರಕ್ಕೆ ಕಿವಿ ಬಂದಿತ್ತು!

ಇನ್ನೊಂದು ವಿಷಯ ಇದೆ. ನಾನು ಈ ಚಿತ್ರವನ್ನು ಮತ್ತೆ ಮತ್ತೆ ನೋಡುವುದು ಅದಕ್ಕಾಗಿಯೇ. 1923ರ ಸೆಪ್ಟೆಂಬರ್ 13ರಂದು ಜನರಲ್ ಪ್ರಿಮೋ ದೆ ರಿವೇರಾ ಸ್ಪೇನಿನ ಅಧಿಕಾರ ಕಿತ್ತುಕೊಂಡ. ಐದೇ ದಿನಕ್ಕೆ ಆಜ್ಞೆ ಬಂತು. ಸ್ಪೇನಿನ ಬಾವುಟ ಬಿಟ್ಟು ಬೇರೆ ಬಾವುಟ ಹಾರಿಸುವಂತಿಲ್ಲ, ಸರ್ಕಾರಿ ಕೆಲಸಗಳಲ್ಲಿ ಕ್ಯಾಟಲನ್ ಬಳಸುವಂತಿಲ್ಲ. ಈಗ ಚಿತ್ರದ ಎಡಗಡೆ ನೋಡಿ. ಗಿಡದ ಹತ್ತಿರ ಪುಟ್ಟ ಪುಟ್ಟ ಬಾವುಟಗಳು. ಫ್ರಾನ್ಸಿನದೂ ಕ್ಯಾಟಲನ್ನರದೂ ಒಟ್ಟಿಗೆ, ಗಡಿಕಂಬದ ಆಚೆ ಸ್ಪೇನಿನದು. ಹಾರಿಸಬಾರದ ಬಾವುಟವನ್ನು ಆತ ಹೊಲದಲ್ಲಿ ಬೆಳೆಸಿಬಿಟ್ಟ!

ಮಾತಾಡಬೇಡ ಅಂದಾಗ ಮರಕ್ಕೆ ಬಾಯಿ ಬರೆಯದೆ ಕಿವಿ ಬರೆದನಲ್ಲ, ಯಾಕೆ? ಎಲ್ಲವನ್ನೂ ಕೇಳಿಸಿಕೊಂಡು ನೆನಪಿಟ್ಟುಕೊಳ್ಳುವುದು ಮಣ್ಣಿಗೆ ಬೇರೂರಿದ್ದೇ ಇರಬೇಕು. ಇದು ನನ್ನ ಊಹೆ ಅಷ್ಟೇ, ಪಂಡಿತರು ಬೈಯದಿರಲಿ.

ಅದೇ ಸೆಪ್ಟೆಂಬರಿನಲ್ಲಿ ಮಿರೋ ಗೆಳೆಯನಿಗೊಂದು ಕಾಗದ ಬರೆದಿದ್ದ. ತನ್ನ ಹೊಸ ಚಿತ್ರಗಳಿಗೂ ಕಣ್ಣಿಗೆ ಕಾಣುವ ಪ್ರಕೃತಿಗೂ ಸಂಬಂಧವಿಲ್ಲ, ಆದರೂ ನೋಡಿಕೊಂಡು ಬರೆದದ್ದಕ್ಕಿಂತ ಇವೇ ಹೆಚ್ಚು ಮೊನ್-ರೋಚ್ ಅನ್ನುವ ಅರ್ಥದಲ್ಲಿ. ಹುಲ್ಲುಕಡ್ಡಿಯನ್ನೂ ಬಿಡದೆ ನೋಡಿದವನಿಗೆ ಮಾತ್ರ ಈ ಮಾತು ಹೇಳುವ ಹಕ್ಕು ಇದೆ ಅಂತ ನನಗನ್ನಿಸುತ್ತದೆ. ಅವನ ಕನಸು ನೆಲ ಬಿಟ್ಟು ಹಾರಿದ್ದಲ್ಲ, ನೆಲವನ್ನೇ ಅಗೆದು ತೆಗೆದದ್ದು.

'ತೋಟ' ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ, 'ಉತ್ತ ಹೊಲ' ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿ. ಅಗಲ ಒಂದು ಮೀಟರೂ ಇಲ್ಲ. ಆ ಕಡೆ ಇರುವ ಗೆಳೆಯರು ಹೋದರೆ ಒಮ್ಮೆ ನಿಂತು ನೋಡಿ. ನನ್ನ ಹಾಗೆ ಪರದೆಯ ಮೇಲೆ ನೋಡುವವರು ಆ ಕಿವಿಯನ್ನೊಮ್ಮೆ ದೊಡ್ಡದು ಮಾಡಿ ನೋಡಿ. ಆಮೇಲೆ ಮನೆ ಮುಂದಿನ ಮರದ ಕೆಳಗೆ ನಿಂತು ಮಾತಾಡುವಾಗ ದನಿ ತಾನಾಗಿಯೇ ತಗ್ಗುತ್ತದೆ. ನನಗಂತೂ ತಗ್ಗಿತು. ನಿಮಗೆ?