ತೊಟ್ಟಿಲ ಪಕ್ಕದ ಪುಸ್ತಕ: ತಾಯಂದಿರ ಓದಿನ ಒಂದು ಚರಿತ್ರೆ

ಬಾಣಂತಿ ಪುಸ್ತಕ ಓದಬಾರದು, ಓದಿದರೆ ಕಣ್ಣು ಸೋಲುತ್ತದೆ ಎಂಬ ಮಾತನ್ನು ಕೇಳದ ಕನ್ನಡದ ಮನೆ ವಿರಳ. ಕಿವಿಗೆ ಹತ್ತಿ, ತಲೆಗೆ ವಸ್ತ್ರ, ಎಣ್ಣೆ-ನೀರು, ಸಾಂಬ್ರಾಣಿಯ ಹೊಗೆ, ಮೆಣಸಿನ ಸಾರು ಇವುಗಳ ಜೊತೆಗೆ ಓದಿನ ಪಥ್ಯವೂ ಬಾಣಂತನದ ಕ್ರಮದಲ್ಲಿ ಸೇರಿಕೊಂಡಿತ್ತು. ದಣಿದ ದೇಹಕ್ಕೆ ವಿಶ್ರಾಂತಿ ದೊರಕಲಿ ಎಂಬ ಹಿರಿಯರ ಕಾಳಜಿಯನ್ನು ನಾವು ಇದರಲ್ಲಿ ಕಾಣಬಹುದು. ಆದರೆ ಬೇಡವೆಂದು ಹೇಳಬೇಕಾಗಿ ಬಂದಿತ್ತೆಂದರೆ, ಓದಬೇಕೆಂಬ ಆಸೆಯೂ ಆ ಕೋಣೆಯೊಳಗೆ ಇದ್ದಿತೆಂದೇ ಅರ್ಥ.

ನಮ್ಮ ಸಂಘದ ಓದುಗರ ಬಳಗದಲ್ಲಿ "ಮಗುವಾದ ಮೇಲೆ ಪುಸ್ತಕ ಮುಟ್ಟಿಲ್ಲ" ಎಂಬ ಮಾತು ಆಗಾಗ ಕೇಳಿಬರುತ್ತದೆ. ಅದನ್ನು ಹೇಳುವವರು ತಮ್ಮಲ್ಲೇ ಏನೋ ಕೊರತೆಯಿದೆ ಎಂಬಂತೆ, ಸಂಕೋಚದಿಂದ ಹೇಳುತ್ತಾರೆ. ಸಮಯವನ್ನು ಹೊಂದಿಸಿಕೊಳ್ಳಲು ತಮಗೆ ಬರುವುದಿಲ್ಲವೆಂದು ಭಾವಿಸುತ್ತಾರೆ. ಚರಿತ್ರೆಯನ್ನು ತುಸು ತಿರುವಿ ನೋಡಿದರೆ ಬೇರೆಯೇ ಸಂಗತಿ ತಿಳಿಯುತ್ತದೆ. ತಾಯಂದಿರು ಓದಿದ ಕಾಲಗಳಲ್ಲೆಲ್ಲ ಅವರ ಸುತ್ತ ಏನಾದರೊಂದು ಏರ್ಪಾಟು ಇತ್ತು. ಪುಸ್ತಕವು ಅವರ ತುಂಡು ತುಂಡಾದ ಹೊತ್ತಿಗೆ ಒಗ್ಗುವ ರೂಪದಲ್ಲಿ ಬಂದಿತ್ತು, ಇಲ್ಲವೇ ಮಗುವನ್ನು ಎತ್ತಿಕೊಳ್ಳಲು ಮತ್ತೊಂದು ಕೈ ಇತ್ತು. ಈ ಎರಡೂ ಇಲ್ಲದೆಡೆ ಓದಿದವರು ಅಪಾರ ಬೆಲೆ ತೆತ್ತು ಓದಿದರು.

ಕಿವಿಯಿಂದ ಓದಿದ ಕಾಲ

ಅಚ್ಚಿನ ಯಂತ್ರ ಬರುವುದಕ್ಕೆ ಮುನ್ನ ಕನ್ನಡನಾಡಿನ ಬಹುಪಾಲು ಜನರಿಗೆ ಓದುವುದೆಂದರೆ ಕೇಳುವುದೇ ಆಗಿತ್ತು. ಕುಮಾರವ್ಯಾಸನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳನ್ನು ಒಬ್ಬರು ರಾಗವಾಗಿ ವಾಚಿಸುತ್ತಿದ್ದರು, ಮತ್ತೊಬ್ಬರು ಅರ್ಥ ಹೇಳುತ್ತಿದ್ದರು. ಹೂ ಕಟ್ಟುತ್ತಲೋ, ಬತ್ತಿ ಹೊಸೆಯುತ್ತಲೋ, ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡೋ ಕೇಳಬಹುದಾದ ಓದು ಅದು. ಕೈಗೆ ಬಿಡುವು ಬೇಕಿರಲಿಲ್ಲ, ಕಿವಿ ಬಿಡುವಾಗಿದ್ದರೆ ಸಾಕಿತ್ತು.

17ನೇ ಶತಮಾನದ ಕೊನೆಯ ಭಾಗದಲ್ಲಿ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ-ಅಡಿಕೆಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ರಚಿಸಿದಳು. ಅವಳು ಆರಿಸಿಕೊಂಡದ್ದು ಸಾಂಗತ್ಯವನ್ನು, ಅಂದರೆ ಹಾಡುವುದಕ್ಕೆ ಹೇಳಿಸಿದಂತಹ ಛಂದಸ್ಸನ್ನು. ಕೃತಿಯ ಬಹುಭಾಗ ಪತಿವ್ರತೆಯ ನಡವಳಿಕೆಯ ಬೋಧನೆಯೇ ಆಗಿದ್ದರೂ, ಹೆಣ್ಣುಮಗುವನ್ನು ಹೀಗಳೆಯುವವರನ್ನು ಅವಳು ನೇರವಾಗಿ ಪ್ರಶ್ನಿಸುತ್ತಾಳೆ. ತಾಯ್ತನವನ್ನು ಕುರಿತ ಆ ಪ್ರಶ್ನೆ, ಪುಸ್ತಕವನ್ನೇ ಹಿಡಿಯದ ಹೆಂಗಸರಿಗೂ ಹಾಡಿನ ಮೂಲಕ ತಲುಪಬಹುದಾಗಿತ್ತು.

ಅಡುಗೆಮನೆಯ ಒಂದು ಹಾಳೆ

ಕೇಳುವುದನ್ನು ಬಿಟ್ಟು ತಾನೇ ಓದಬೇಕೆಂದು ಹೊರಟ ತಾಯಿಯ ಪಾಡೇನಾಗಿತ್ತು ಎಂಬುದಕ್ಕೆ ನಮಗೆ ದೊರೆಯುವ ಅತ್ಯಂತ ವಿವರವಾದ ಸಾಕ್ಷ್ಯ ಬಂಗಾಳದ್ದು. 19ನೇ ಶತಮಾನದ ಆರಂಭದಲ್ಲಿ ಪಾಬ್ನಾ ಜಿಲ್ಲೆಯಲ್ಲಿ ಹುಟ್ಟಿದ ರಾಸಸುಂದರಿ ದೇವಿ 12ನೇ ವಯಸ್ಸಿಗೆ ಮದುವೆಯಾಗಿ ದೊಡ್ಡ ಸಂಸಾರವೊಂದಕ್ಕೆ ಬಂದಳು. 18ರಿಂದ 41ನೇ ವಯಸ್ಸಿನೊಳಗೆ 12 ಮಕ್ಕಳನ್ನು ಹೆತ್ತಳು. ಅಕ್ಷರ ಕಲಿತ ಹೆಣ್ಣು ವಿಧವೆಯಾಗುತ್ತಾಳೆ ಎಂಬ ನಂಬಿಕೆ ಗಟ್ಟಿಯಾಗಿದ್ದ ಕಾಲವದು.

'ಚೈತನ್ಯ ಭಾಗವತ'ವನ್ನು ಓದಬೇಕೆಂಬ ಹಂಬಲ ಅವಳಿಗೆ. ಆ ಪೋಥಿಯಿಂದ ಒಂದು ಹಾಳೆಯನ್ನು ಗುಟ್ಟಾಗಿ ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟಳು. ಹಿರಿಯ ಮಗ ಅಕ್ಷರ ತಿದ್ದುತ್ತಿದ್ದ ತಾಳೆಯ ಗರಿಯೊಂದನ್ನೂ ಎತ್ತಿಟ್ಟುಕೊಂಡಳು. ಬಾಲ್ಯದಲ್ಲಿ ತವರಿನ ಪಾಠಶಾಲೆಯಲ್ಲಿ ಗಂಡುಮಕ್ಕಳು ಒಪ್ಪಿಸುತ್ತಿದ್ದುದನ್ನು ಕೇಳಿ ನೆನಪಿನಲ್ಲುಳಿದಿದ್ದ ಅಕ್ಷರಗಳೊಡನೆ ಇವೆರಡನ್ನೂ ಹೋಲಿಸುತ್ತ, ಒಲೆಯ ಮುಂದೆ, ಸೆರಗಿನ ಮರೆಯಲ್ಲಿ ಓದು ಕಲಿತಳು. ಮುಂದೆ ಬರೆಯುವುದನ್ನೂ ಕಲಿತು 'ಆಮಾರ್ ಜೀಬನ್' ಎಂಬ ಆತ್ಮಕಥೆಯನ್ನು ಪ್ರಕಟಿಸಿದಳು. ಬಂಗಾಳಿಯ ಮೊದಲ ಪೂರ್ಣ ಪ್ರಮಾಣದ ಆತ್ಮಕಥೆ ಎಂದು ಅದು ಹೆಸರಾಗಿದೆ.

ಈ ಕಥೆಯನ್ನು ಛಲದ ಉದಾಹರಣೆಯಾಗಿ ಹೇಳುವುದು ವಾಡಿಕೆ. ನಾವು ಇಲ್ಲಿ ಗಮನಿಸಬೇಕಾದದ್ದು ಆ ಹಾಳೆಯನ್ನು. ಪೋಥಿಯ ಹಾಳೆಗಳು ಬಿಡಿಬಿಡಿಯಾಗಿದ್ದುದರಿಂದಲೇ ಒಂದನ್ನು ತೆಗೆಯಲು ಸಾಧ್ಯವಾಯಿತು. ಕೆಲಸದ ನಡುವೆ ಒಂದೇ ಹಾಳೆಯನ್ನು ಮುಚ್ಚಿಡಬಹುದಿತ್ತು, ತೆರೆಯಬಹುದಿತ್ತು. ಇಡೀ ಗ್ರಂಥವು ಅವಳ ದಿನದೊಳಗೆ ಹಿಡಿಸುತ್ತಿರಲಿಲ್ಲ, ಹಾಳೆಯೊಂದು ಹಿಡಿಸಿತು.

ಅಚ್ಚಾದ ಪುಸ್ತಕ ಮನೆಬಾಗಿಲಿಗೆ ಬಂದಾಗ

20ನೇ ಶತಮಾನದ ಆರಂಭದಲ್ಲಿ ಕನ್ನಡದ ಹೆಣ್ಣುಮಕ್ಕಳಿಗಾಗಿ ಪುಸ್ತಕ, ಪತ್ರಿಕೆಗಳನ್ನು ತಂದವರಲ್ಲಿ ಇಬ್ಬರ ಹೆಸರು ಮುಖ್ಯ. ನಂಜನಗೂಡು ತಿರುಮಲಾಂಬಾ (1887–1982) 1913ರಲ್ಲಿ 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನೂ 1916ರಲ್ಲಿ 'ಕರ್ನಾಟಕ ನಂದಿನಿ' ಮಾಸಪತ್ರಿಕೆಯನ್ನೂ ಆರಂಭಿಸಿದರು. ಆರ್. ಕಲ್ಯಾಣಮ್ಮನವರು 1921ರಲ್ಲಿ ಬೆಂಗಳೂರಿನಿಂದ 'ಸರಸ್ವತಿ' ಪತ್ರಿಕೆಯನ್ನು ತಂದು ನಾಲ್ಕು ದಶಕಗಳ ಕಾಲ ನಡೆಸಿದರು. ಅವರೇ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನೂ ಕಟ್ಟಿದರು.

ಇವರಿಬ್ಬರೂ ಬಾಲವಿಧವೆಯರು. ಸಂಸಾರದ ಬಾಗಿಲು ಮುಚ್ಚಿದ್ದರಿಂದ ತೆರೆದ ಹೊತ್ತನ್ನು ಅವರು ಅಕ್ಷರಕ್ಕೆ ಸಲ್ಲಿಸಿದರು. ತಿರುಮಲಾಂಬಾ ಅವರಿಗೆ ವಕೀಲರಾಗಿದ್ದ ತಂದೆಯ ಬೆಂಬಲವೂ ಇತ್ತು. ಹೆತ್ತು ಸಾಕುವ ಹೆಂಗಸರು ಓದಲೆಂದು ಪತ್ರಿಕೆ ನಡೆಸಿದವರಿಗೆ ಹೆರುವ, ಸಾಕುವ ಬದುಕನ್ನು ಸಮಾಜ ನಿರಾಕರಿಸಿತ್ತು. ಓದು-ಬರಹದ ಬಿಡುವು ಆ ಕಾಲದ ಹೆಣ್ಣಿಗೆ ಎಷ್ಟು ದುಬಾರಿಯಾಗಿ ದೊರೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ನೋವಿನ ನಿದರ್ಶನ ಬೇಕಿಲ್ಲ.

ಪುಸ್ತಕವು ಓದುಗರನ್ನು ಅರಸಿಕೊಂಡು ಹೋದ ಬಗೆಯನ್ನೂ ನೆನೆಯಬೇಕು. ಹಾವೇರಿ ಸೀಮೆಯ ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. 1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರಿಗೆ ಪುಸ್ತಕಗಳನ್ನು ಕಳಿಸಿಕೊಡುವ ಕ್ರಮವನ್ನು ಬೆಳೆಸಿತು. ಪೇಟೆಯ ಅಂಗಡಿಗೆ ಹೋಗಲಾಗದ ಗೃಹಿಣಿಯ ಮಟ್ಟಿಗೆ, ಮನೆಯ ಜಗಲಿಯವರೆಗೆ ಬಂದ ಪುಸ್ತಕವೇ ನಿಜವಾದ ಪುಸ್ತಕ.

ತಾಯ್ತನದ ನಡುವೆ ಓದನ್ನು ಬಿಡದೆ ಕಾದವರೂ ಇದ್ದರು. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಶಾಲೆಗೆ ಹೋದದ್ದು ಏಳು ವರ್ಷ, ಮದುವೆಯಾದದ್ದು 12ನೇ ವಯಸ್ಸಿಗೆ. ಕನ್ನಡ ಕಾವ್ಯವನ್ನೂ ಹಿಂದಿ ಸಾಹಿತ್ಯವನ್ನೂ ಸ್ವಂತವಾಗಿ ಅಭ್ಯಾಸ ಮಾಡಿದ ಅವರು ಕಾದಂಬರಿ ಬರೆಯತೊಡಗಿದ್ದು ಸುಮಾರು 45ನೇ ವಯಸ್ಸಿನಲ್ಲಿ. 'ತುಂಗಭದ್ರಾ' ಪ್ರಕಟವಾದದ್ದು 1963ರಲ್ಲಿ. ಆ ಮೇಲೆ ಬಂದ 'ಫಣಿಯಮ್ಮ' ಅವರು ತಮ್ಮ ತಾಯಿಯ ಬಾಯಿಂದ ಕೇಳಿದ ಒಬ್ಬ ಬಾಲವಿಧವೆಯ ಬದುಕನ್ನು ಆಧರಿಸಿದ್ದು. ನಡುವಿನ ಆ ಮೂರು ದಶಕಗಳನ್ನು ವ್ಯರ್ಥವೆಂದು ಯಾರು ಹೇಳಬಲ್ಲರು? ಓದಿದ್ದೂ ಕೇಳಿದ್ದೂ ಒಳಗೆ ಸೇರುತ್ತಲೇ ಇತ್ತು.

ತ್ರಿವೇಣಿಯವರ ಉಡುಗೊರೆ

1963ನೇ ಇಸವಿ ಮತ್ತೊಂದು ಕಾರಣಕ್ಕೂ ಮರೆಯಲಾಗದ್ದು. ಅದೇ ವರ್ಷದ ಜುಲೈಯಲ್ಲಿ, ಮಗಳಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತ್ರಿವೇಣಿ ಮೈಸೂರಿನಲ್ಲಿ ತೀರಿಕೊಂಡರು. ಅವರಿಗಾಗ 34 ವರ್ಷ. 1953ರ 'ಅಪಸ್ವರ'ದಿಂದ ಮೊದಲಾಗಿ ಹತ್ತು ವರ್ಷಗಳಲ್ಲಿ ಸುಮಾರು 20 ಕಾದಂಬರಿಗಳನ್ನು ಬರೆದಿದ್ದರು.

ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ತ್ರಿವೇಣಿ, 'ಶರಪಂಜರ' ಕಾದಂಬರಿಯಲ್ಲಿ ಹೆರಿಗೆಯ ನಂತರ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಕಾವೇರಿಯನ್ನು ಚಿತ್ರಿಸಿದರು. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಅವಳನ್ನು ಗಂಡನೂ ನೆರೆಹೊರೆಯೂ ಸಂಶಯದಿಂದ ನೋಡುತ್ತಾರೆ. ಅವಳು ನಕ್ಕರೂ ಹುಚ್ಚು, ಸಿಟ್ಟಾದರೂ ಹುಚ್ಚು. ಆ ಸಂಶಯವೇ ಅವಳನ್ನು ಮತ್ತೆ ಕೆಡವುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲರ ಚಲನಚಿತ್ರದ ಮೂಲಕ ಈ ಕಥೆ ಓದು ಬಾರದವರಿಗೂ ತಲುಪಿತು.

ಬಾಣಂತಿಗೆ ಸನ್ನಿ ಹಿಡಿಯಿತು, ಗಾಳಿ ಸೋಕಿತು ಎಂದು ಪಿಸುಮಾತಿನಲ್ಲಿ ಹೇಳಿ ಮುಚ್ಚಿಡುತ್ತಿದ್ದ ಸಂಕಟಕ್ಕೆ ಇದು ಒಂದು ಹೆಸರನ್ನೂ ಮುಖವನ್ನೂ ಕೊಟ್ಟಿತು. ತಾಯಂದಿರಿಗೆ ಓದು ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನಾವು ಈ ಕೃತಿಯನ್ನು ತೋರಿಸಬಹುದು. ಯಾರೊಡನೆಯೂ ಹೇಳಲಾಗದ್ದನ್ನು ಮತ್ತೊಬ್ಬಳು ಅನುಭವಿಸಿದ್ದಾಳೆ, ಅದು ಕಾಯಿಲೆ, ಅದಕ್ಕೆ ಚಿಕಿತ್ಸೆಯಿದೆ ಎಂದು ತಿಳಿಯುವುದು ಕಾಲಹರಣವಲ್ಲ.

ಧಾರಾವಾಹಿ ಮತ್ತು ದಿನಕ್ಕೊಂದು ಕಥೆ

ತ್ರಿವೇಣಿ, ಇಂದಿರಾ ಮೊದಲಾದವರ ಪುಸ್ತಕಗಳನ್ನು ಮನೆಮನೆಗೆ ಮುಟ್ಟಿಸಿದ್ದರಲ್ಲಿ ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಪಾಲು ದೊಡ್ಡದು. ಬೆಂಗಳೂರು, ಮೈಸೂರುಗಳ ಸಣ್ಣ ಅಂಗಡಿಗಳಲ್ಲಿ ಬಾಡಿಗೆಗೆ ದೊರೆಯುತ್ತಿದ್ದ ಒಂದು ಕಾದಂಬರಿಯನ್ನು, ಹಿಂತಿರುಗಿಸುವ ಮೊದಲು ವಠಾರದ ನಾಲ್ಕು ಮನೆಗಳವರು ಓದಿ ಮುಗಿಸುತ್ತಿದ್ದುದುಂಟು. ಒಬ್ಬಳು ಓದುವಾಗ ಅವಳ ಮಗು ಪಕ್ಕದ ಮನೆಯಲ್ಲಿ ಆಡುತ್ತಿರುತ್ತಿತ್ತು.

1965ರ ಜನವರಿಯಲ್ಲಿ 'ಸುಧಾ' ಆರಂಭವಾಯಿತು. ಇಂತಹ ವಾರಪತ್ರಿಕೆಗಳ ಧಾರಾವಾಹಿಯು ವಾರಕ್ಕೆ ಕೆಲವೇ ಪುಟ ಬೇಡುತ್ತಿತ್ತು. ಹಾಲು ಉಕ್ಕುವುದರೊಳಗೆ ಒಂದು ಪುಟ, ಮಗು ಮಲಗಿದಾಗ ಉಳಿದದ್ದು. ಆ ಪುಟಗಳನ್ನು ಕತ್ತರಿಸಿ, ದಾರ ಹಾಕಿ ಹೊಲಿದು ಇಟ್ಟುಕೊಂಡ ಪುಸ್ತಕಗಳು ನಮ್ಮಲ್ಲಿ ಅನೇಕರ ಅಜ್ಜಿಯರ ಪೆಟ್ಟಿಗೆಯಲ್ಲಿದ್ದವು.

ಮಕ್ಕಳನ್ನೂ ತಾಯಿಯ ಓದಿನೊಳಗೆ ಕರೆದುಕೊಂಡದ್ದು ವೈದ್ಯೆ ಅನುಪಮಾ ನಿರಂಜನ (1934–1991). 'ತಾಯಿ-ಮಗು' ಎಂಬ ಪುಸ್ತಕದಿಂದ ಬಸುರಿ-ಬಾಣಂತಿಯರಿಗೆ ತಿಳಿವಳಿಕೆ ಕೊಟ್ಟ ಅವರೇ, 12 ಸಂಪುಟಗಳ 'ದಿನಕ್ಕೊಂದು ಕಥೆ'ಯನ್ನೂ ಕೊಟ್ಟರು. ದಿನಕ್ಕೆ ಒಂದೇ ಕಥೆ ಎಂಬ ಆ ಅಳತೆಯಲ್ಲಿ ಮನೆಯ ದಿನಚರಿಯನ್ನು ಬಲ್ಲ ಜಾಣ್ಮೆಯಿದೆ. ಕಥೆ ಕೇಳುವುದು ಮಗು, ಪುಟ ತಿರುವುವುದು ತಾಯಿ, ಓದು ಇಬ್ಬರದೂ.

ಬ್ರಿಟನ್ನಿನ ನಮ್ಮ ಮನೆಗಳಲ್ಲಿ

ಈ ದೇಶದಲ್ಲಿ ಹೆರಿಗೆಯ ರಜೆ 52 ವಾರಗಳವರೆಗೆ ದೊರೆಯುತ್ತದೆ. ಓದಲು ಇಷ್ಟೊಂದು ಸಮಯವೇ ಎಂದು ಊರಿನ ಬಂಧುಗಳು ಅಚ್ಚರಿಪಡುವುದುಂಟು. ಆದರೆ ವಠಾರವಿಲ್ಲ, ಪಕ್ಕದ ಮನೆಯ ಅತ್ತಿಗೆಯಿಲ್ಲ. ಬಾಣಂತನಕ್ಕೆ ಬರುವ ತಾಯಿಯೋ ಅತ್ತೆಯೋ ಸಂದರ್ಶಕರ ವೀಸಾದ ಮೇಲೆ ಆರು ತಿಂಗಳಷ್ಟೇ ಇರಬಲ್ಲರು. ತಂದೆಯಾದವನಿಗೆ ಕಾಯಿದೆಯ ಪ್ರಕಾರ ದೊರೆಯುವ ಪಿತೃತ್ವ ರಜೆ ಎರಡು ವಾರ. ವಿಮಾನ ನಿಲ್ದಾಣದಲ್ಲಿ ಅಜ್ಜಿಯನ್ನು ಬೀಳ್ಕೊಟ್ಟು ಬಂದ ಮರುದಿನದಿಂದ, ನಾಲ್ಕಕ್ಕೇ ಕತ್ತಲಾಗುವ ಚಳಿಗಾಲದಲ್ಲಿ, ಹೊಸ ತಾಯಿ ಮಗುವಿನೊಡನೆ ಒಬ್ಬಳೇ. 'ಶರಪಂಜರ'ದ ಕಾವೇರಿಯನ್ನು ನಾವು ದೂರದ ಕಾಲದವಳೆಂದು ತಿಳಿಯಬೇಕಾಗಿಲ್ಲ.

ಈ ನಾಡೂ ಓದಿನ ಏರ್ಪಾಟುಗಳನ್ನು ಮಾಡಿದೆ. 1992ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 300 ಶಿಶುಗಳೊಂದಿಗೆ ಆರಂಭವಾದ 'ಬುಕ್‌ಸ್ಟಾರ್ಟ್' ಯೋಜನೆಯು ಎಳೆಯ ಮಕ್ಕಳಿರುವ ಮನೆಗಳಿಗೆ ಉಚಿತವಾಗಿ ಪುಸ್ತಕಗಳನ್ನು ತಲುಪಿಸುತ್ತ ಬಂದಿದೆ. ಗಳಗನಾಥರು ತಲೆಹೊರೆಯಲ್ಲಿ ಮಾಡಿದ್ದನ್ನೇ ಇಲ್ಲಿ ಗ್ರಂಥಾಲಯ ಮತ್ತು ಆರೋಗ್ಯ ಸೇವೆಗಳು ಕೂಡಿ ಮಾಡಿದವು. ಆ ಚೀಲದಲ್ಲಿ ಕನ್ನಡ ಪುಸ್ತಕವಿರುವುದಿಲ್ಲ. ಅದನ್ನು ಸೇರಿಸುವ ಹೊಣೆ ನಮ್ಮದು.

ಆದುದರಿಂದ ಬಳಗದ ಸದಸ್ಯರಲ್ಲಿ ನಮ್ಮ ಕೋರಿಕೆ ಇಷ್ಟು. ಮಗು ಹುಟ್ಟಿದ ಮನೆಗೆ ಹೋಗುವಾಗ ಅಂಗಿ-ಆಟಿಕೆಗಳ ಜೊತೆಗೆ ತಾಯಿಗಾಗಿ ಒಂದು ಸಣ್ಣಕಥೆಗಳ ಪುಸ್ತಕವನ್ನೂ ಒಯ್ಯೋಣ, ಹೋದವರು ಒಂದು ಗಂಟೆ ಮಗುವನ್ನು ಎತ್ತಿಕೊಳ್ಳೋಣ. ಕಣ್ಣು ದಣಿದವರಿಗಾಗಿ ಬಳಗದ ಹಿರಿಯರು ಕಥೆಗಳನ್ನು ದೂರವಾಣಿಯಲ್ಲಿ ಗಟ್ಟಿಯಾಗಿ ಓದಿ ಕೇಳಿಸಬಹುದು. ಕೇಳಿ ಓದುವ ಪರಂಪರೆ ನಮಗೆ ಹೊಸದೇನಲ್ಲ. ಮಾಸಿಕ ಸಭೆಯಲ್ಲಿ ಇಡೀ ಕಾದಂಬರಿಯ ಬದಲು ಒಂದು ಅಧ್ಯಾಯ ಓದಿ ಬಂದವರಿಗೂ ಮಾತನಾಡುವ ಅವಕಾಶವಿರಲಿ. ಕೋಣೆಯ ಮೂಲೆಯಲ್ಲಿ ಒಂದು ಜಮಖಾನ ಹಾಸಿ, ಮಕ್ಕಳನ್ನು ನೋಡಿಕೊಳ್ಳುವ ಸರದಿಯನ್ನು ತಂದೆಯರು ವಹಿಸಿಕೊಳ್ಳಲಿ. ಈ ಸರದಿಗೆ ಹೆಸರು ಕೊಡಬಯಸುವವರು ಮುಂದಿನ ಸಭೆಗೆ ಮುನ್ನ ಬಳಗದ ಸ್ವಯಂಸೇವಕರಿಗೆ ತಿಳಿಸಬೇಕೆಂದು ವಿನಂತಿ.