ಗ್ರೀನಿನತ್ತ ಮಧ್ಯದೂರದ ಹೊಡೆತ: ಕ್ಲಬ್ಬಿನ ಆಯ್ಕೆ ನಡೆದುಬಂದ ದಾರಿ

ಗಾಲ್ಫ್ ಆಟವನ್ನು ದೂರದಿಂದ ಕಂಡವರ ಮನಸ್ಸಿನಲ್ಲಿ ಟೀ ಮೇಲಿನಿಂದ ಸಿಡಿಯುವ ಮೊದಲ ಹೊಡೆತದ ವೈಭವವೂ, ಗುಳಿಯತ್ತ ಚೆಂಡನ್ನು ಉರುಳಿಸುವಾಗಿನ ಕಾತರವೂ ನಿಲ್ಲುವುದು ಸಹಜ. ಆದರೆ ಈ ಎರಡರ ನಡುವೆ, ಧ್ವಜಕ್ಕೆ ಇನ್ನೂ 120ರಿಂದ 180 ಗಜ ಉಳಿದಿರುವಾಗ, ಆಟಗಾರನು ಚೆಂಡಿನ ಬಳಿ ನಿಂತು, ಹುಲ್ಲಿನ ಸ್ಥಿತಿಯನ್ನು ನೋಡಿ, ಗಾಳಿಯ ದಿಕ್ಕನ್ನು ಗ್ರಹಿಸಿ, ಚೀಲದೊಳಗಿನ ಕ್ಲಬ್ಬುಗಳಲ್ಲಿ ಒಂದನ್ನು ಹೊರತೆಗೆಯುವ ಆ ಅಲ್ಪಾವಧಿಯಲ್ಲಿಯೇ ಆಟದ ಬಹುಭಾಗ ನಿರ್ಣಯವಾಗುವುದೆಂಬುದನ್ನು ಅನುಭವಿಗಳು ಬಲ್ಲರು. ಈ ನಿರ್ಣಯದ ಭಾರ ಕಳೆದ ಸುಮಾರು 170 ವರ್ಷಗಳಲ್ಲಿ ಆಟಗಾರನ ಕೈಯಿಂದ ಕ್ಲಬ್ಬಿಗೆ, ಕ್ಲಬ್ಬಿನಿಂದ ಅದರ ಮೇಲಿನ ಅಂಕಿಗೆ, ಅಂಕಿಯಿಂದ ಅಳತೆಯ ಯಂತ್ರಕ್ಕೆ ಕ್ರಮಕ್ರಮವಾಗಿ ಸರಿಯುತ್ತ ಬಂದಿದೆ. ಆದರೂ ಅದು ಆಟಗಾರನ ಹೆಗಲಿನಿಂದ ಪೂರ್ತಿಯಾಗಿ ಇಳಿದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಸ್ಕಾಟ್ಲೆಂಡಿನಲ್ಲಿ ಬಳಕೆಯಲ್ಲಿದ್ದುದು, ಬೇಯಿಸಿದ ಗರಿಗಳನ್ನು ಚರ್ಮದ ಚೀಲದಲ್ಲಿ ಗಟ್ಟಿಯಾಗಿ ತುರುಕಿ ಹೊಲಿದ ಚೆಂಡು. ಕುಶಲನಾದ ಕೆಲಸಗಾರನೂ ದಿನಕ್ಕೆ ಕೆಲವೇ ಚೆಂಡುಗಳನ್ನು ಮಾಡಬಲ್ಲವನಾಗಿದ್ದುದರಿಂದ ಅದರ ಬೆಲೆ ಅಧಿಕವಾಗಿದ್ದಿತು. ಕಬ್ಬಿಣದ ಅಲಗಿನ ಒಂದು ತಪ್ಪು ಪೆಟ್ಟಿಗೆ ಅದು ಸೀಳಿಹೋಗುತ್ತಿದ್ದುದರಿಂದ ಕಬ್ಬಿಣದ ಕ್ಲಬ್ಬನ್ನು ಗಾಡಿಯ ಜಾಡಿನಿಂದಲೋ ಕಲ್ಲುನೆಲದಿಂದಲೋ ಚೆಂಡನ್ನು ಎಬ್ಬಿಸುವುದಕ್ಕಷ್ಟೇ ಹೊರತೆಗೆಯುತ್ತಿದ್ದರು. ಗುಳಿಯ ಸುತ್ತಲಿನ ನುಣುಪಾದ ಹುಲ್ಲುನೆಲವಾದ ಗ್ರೀನಿಗೆ ಹೊಡೆಯುವ ಮಧ್ಯದೂರದ ಹೊಡೆತವು ಆಗ ಸ್ಪೂನ್, ಬ್ಯಾಫಿ ಮುಂತಾದ ಮರದ ಕ್ಲಬ್ಬುಗಳ ಅಧಿಕಾರಕ್ಷೇತ್ರವಾಗಿದ್ದಿತು. 1848ರ ಸುಮಾರಿಗೆ ಮಲಯ ದೇಶದ ಮರದ ಅಂಟಿನಿಂದ ಮಾಡಿದ ಗಟಪರ್ಚ ಚೆಂಡು ಬಂದಿತು. ಅದು ಅಗ್ಗವಾಗಿಯೂ ಗಟ್ಟಿಯಾಗಿಯೂ ಇದ್ದುದರಿಂದ ಕಬ್ಬಿಣಕ್ಕೆ ಹೆದರುವ ಕಾರಣ ಉಳಿಯಲಿಲ್ಲ. ಸೇಂಟ್ ಆಂಡ್ರೂಸಿನ ಆಲನ್ ರಾಬರ್ಟ್‌ಸನ್ ಗರಿಚೆಂಡಿನ ತಯಾರಕನಾದುದರಿಂದ ಹೊಸ ಚೆಂಡನ್ನು ಮೊದಮೊದಲು ತೀವ್ರವಾಗಿ ವಿರೋಧಿಸಿದವನೇ ಸರಿ; ಆದರೆ ಗ್ರೀನಿನತ್ತ ಹೊಡೆಯುವುದಕ್ಕೆ ಕ್ಲೀಕ್ ಎಂಬ ಕಬ್ಬಿಣದ ಕ್ಲಬ್ಬನ್ನು ರೂಢಿಗೆ ತಂದವರಲ್ಲಿ ಅಗ್ರಗಣ್ಯನೆಂಬ ಕೀರ್ತಿಯೂ ಅವನಿಗೇ ಸಂದಿದೆ. ಅವನ ತರುವಾಯ, 24ರ ಹರೆಯದಲ್ಲಿಯೇ ತೀರಿಕೊಂಡ ಕಿರಿಯ ಟಾಮ್ ಮಾರಿಸನು, ಜಾಡಿನಿಂದ ಚೆಂಡನ್ನು ಎಬ್ಬಿಸಲೆಂದು ಇದ್ದ ಕ್ಲಬ್ಬಿನಿಂದಲೇ ಚೆಂಡನ್ನು ಎತ್ತರಕ್ಕೆ ಹಾರಿಸಿ ಗ್ರೀನಿನ ಮೇಲೆ ಮೃದುವಾಗಿ ಇಳಿಸುವ ಕಲೆಯನ್ನು ಜನಕ್ಕೆ ತೋರಿಸಿಕೊಟ್ಟನು. ನೆಲದ ಮೇಲೆ ಉರುಳಿಸುವುದೋ ಆಕಾಶಮಾರ್ಗವಾಗಿ ಕಳಿಸುವುದೋ ಎಂಬ ವಿಕಲ್ಪ ಅಂದು ತೆರೆದುಕೊಂಡಿತು. ಆಯ್ಕೆ ಎಂಬುದಕ್ಕೆ ನಿಜವಾದ ಅರ್ಥ ಬಂದದ್ದು ಆಗಲೇ.

ಶತಮಾನದ ಕೊನೆಯ ಎರಡು ದಶಕಗಳಲ್ಲಿ ಮ್ಯಾಶಿ ಎಂಬ ಕ್ಲಬ್ ಪ್ರಸಿದ್ಧಿಗೆ ಬಂದಿತು. ಇಂದಿನ 5ನೆಯ ನಂಬರಿನ ಐರನ್ನಿಗೆ, ಎಂದರೆ ಕಬ್ಬಿಣದ ಕ್ಲಬ್ಬಿಗೆ, ಸರಿಸುಮಾರಾಗಿ ಹೊಂದುವ ಈ ಕ್ಲಬ್ಬನ್ನು ಇಂಗ್ಲೆಂಡಿನ ಜೆ. ಎಚ್. ಟೇಲರನು ಹಿಡಿದಷ್ಟು ಪ್ರಭುತ್ವದಿಂದ ಅವನ ಕಾಲದಲ್ಲಿ ಇನ್ನಾರೂ ಹಿಡಿಯಲಿಲ್ಲ. 1894ರಲ್ಲಿ ಸ್ಯಾಂಡ್‌ವಿಚ್ ಮೈದಾನದಲ್ಲಿ ಬ್ರಿಟನ್ನಿನ ಓಪನ್ ಪಂದ್ಯವನ್ನು ಗೆದ್ದು, 1913ರೊಳಗೆ ಐದು ಬಾರಿ ಆ ಪದವಿಯನ್ನು ಪಡೆದ ಅವನ ಗೆಲುವುಗಳ ಹಿಂದೆ, ಮ್ಯಾಶಿಯಿಂದ ಚೆಂಡನ್ನು ಗ್ರೀನಿನ ಮೇಲೆ ಬಿದ್ದಲ್ಲಿಯೇ ನಿಲ್ಲಿಸುವ ನೈಪುಣ್ಯವಿದ್ದಿತು. ಈ ನಿಲ್ಲುವಿಕೆಯ ರಹಸ್ಯವನ್ನು ಅದೇ ಕಾಲದಲ್ಲಿ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟನು ಭೌತಶಾಸ್ತ್ರದ ದೃಷ್ಟಿಯಿಂದ ಬಿಡಿಸಿ ಹೇಳಿದನೆಂಬುದನ್ನು ಇಲ್ಲಿ ಸ್ಮರಿಸಬೇಕು. ಚೆಂಡು ಹಿಮ್ಮುಖವಾಗಿ ಸುತ್ತುತ್ತ ಹೋಗುವುದರಿಂದಲೇ ಗಾಳಿ ಅದನ್ನು ಮೇಲಕ್ಕೆ ಎತ್ತಿಹಿಡಿಯುವುದೆಂದು ಆತನು ನಿರೂಪಿಸಿದನು. ಕ್ಲಬ್ಬಿನ ಮುಖ ಓರೆಯಾದಷ್ಟೂ ಈ ಸುತ್ತು ಹೆಚ್ಚಿ, ಚೆಂಡು ಎತ್ತರಕ್ಕೇರಿ, ಕಡಿದಾಗಿ ಇಳಿದು, ಬೇಗನೆ ನಿಲ್ಲುತ್ತದೆ. ದೂರ ಮತ್ತು ನಿಲುಗಡೆ ಇವೆರಡನ್ನೂ ಒಂದೇ ಕ್ಲಬ್ಬಿನಿಂದ ಪೂರ್ಣವಾಗಿ ಪಡೆಯಲಾಗದೆಂಬ ಈ ನಿಯಮವೇ ಇಂದಿಗೂ ಆಯ್ಕೆಯ ತಳಹದಿ.

ಹಿಕರಿ ಮರದ ಹಿಡಿಕೆಗಳಿದ್ದ ಆ ಯುಗದಲ್ಲಿ ಆಟಗಾರನ ಬಳಿ ಕ್ಲಬ್ಬುಗಳು ಕಡಮೆ. ಅಮೆರಿಕದ ಚಿಕ್ ಇವಾನ್ಸ್ 1916ರಲ್ಲಿ ಆ ದೇಶದ ಓಪನ್ ಪಂದ್ಯವನ್ನು ಗೆದ್ದಾಗ ಅವನ ಚೀಲದಲ್ಲಿದ್ದುದು ಏಳೇ ಕ್ಲಬ್ಬುಗಳು. ಒಂದೇ ಮ್ಯಾಶಿಯಿಂದ ಬೀಸನ್ನು ಮೊಟಕುಗೊಳಿಸಿಯೋ, ಮುಖವನ್ನು ತುಸು ತೆರೆದೋ ಮುಚ್ಚಿಯೋ, ಹಿಡಿತವನ್ನು ಕೆಳಗೆ ಸರಿಸಿಯೋ ನಾಲ್ಕಾರು ಬಗೆಯ ದೂರಗಳನ್ನು ಸಾಧಿಸಬೇಕಾಗಿದ್ದುದರಿಂದ, ಯಾವ ಕ್ಲಬ್ ಎಂಬ ಪ್ರಶ್ನೆಗಿಂತ ಆ ಕ್ಲಬ್ಬಿನಿಂದ ಎಂಥ ಹೊಡೆತ ಎಂಬ ಪ್ರಶ್ನೆಯೇ ಮುಖ್ಯವಾಗಿದ್ದಿತು. ಮರದ ಹಿಡಿಕೆ ಒಂದೊಂದೂ ಒಂದೊಂದು ಬಗೆಯಾಗಿ ತಿರುಚಿಕೊಳ್ಳುತ್ತಿದ್ದುದರಿಂದ ಒಬ್ಬನ ಕ್ಲಬ್ಬಿನ ಲೆಕ್ಕ ಇನ್ನೊಬ್ಬನಿಗೆ ಒಗ್ಗುತ್ತಲೂ ಇರಲಿಲ್ಲ.

ಉಕ್ಕಿನ ಹಿಡಿಕೆಯ ಆಗಮನದಿಂದ ಈ ವ್ಯವಸ್ಥೆ ಬುಡಮೇಲಾಯಿತು. ಅಮೆರಿಕದ ಗಾಲ್ಫ್ ಸಂಘ 1924ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಿಯಂಟ್ ಕ್ಲಬ್ 1929ರಲ್ಲಿ ಒಪ್ಪಿತು. ಒಂದೇ ಸಮನಾದ ಬಿಗಿಯುಳ್ಳ ಉಕ್ಕಿನ ಕೊಳವೆಗಳು ಕಾರ್ಖಾನೆಯಲ್ಲಿ ಸಿದ್ಧವಾಗತೊಡಗಿದ ಮೇಲೆ, ಉದ್ದದಲ್ಲಿ ಸುಮಾರು ಅರ್ಧ ಅಂಗುಲ, ಓರೆಯಲ್ಲಿ ಸುಮಾರು ನಾಲ್ಕು ಡಿಗ್ರಿ, ದೂರದಲ್ಲಿ ಹತ್ತು ಹದಿನೈದು ಗಜ ಅಂತರವಿರುವ ಕ್ಲಬ್ಬುಗಳ ಸಾಲನ್ನು ಮಾರುವುದು ಸಾಧ್ಯವಾಯಿತು. ಮ್ಯಾಶಿ, ನಿಬ್ಲಿಕ್ ಮುಂತಾದ ಹೆಸರುಗಳ ಸ್ಥಾನದಲ್ಲಿ ಅಂಕಿಗಳು ಬಂದುವು. 1930ರಲ್ಲಿ ನಾಲ್ಕು ಮಹಾಪಂದ್ಯಗಳನ್ನೂ ಒಂದೇ ವರ್ಷ ಗೆದ್ದು ನಿವೃತ್ತನಾದ ಬಾಬಿ ಜೋನ್ಸನು ಸ್ಪಾಲ್ಡಿಂಗ್ ಸಂಸ್ಥೆಗಾಗಿ ರೂಪಿಸಿದ ಕ್ಲಬ್ಬುಗಳ ಸಾಲು ಈ ಪದ್ಧತಿಗೆ ಜನಮನ್ನಣೆ ತಂದಿತು. ಆದರೆ ಸೌಲಭ್ಯ ಅತಿಯಾಗಿ, ಇಪ್ಪತ್ತಕ್ಕೂ ಹೆಚ್ಚು ಕ್ಲಬ್ಬುಗಳನ್ನು ಕ್ಯಾಡಿಯ ಹೆಗಲಿಗೇರಿಸಿದ ಆಟಗಾರರು ಕಾಣಿಸಿಕೊಂಡರು. ಅಮೆರಿಕದಲ್ಲಿ 1938ರಲ್ಲಿಯೂ ಬ್ರಿಟನ್ನಿನಲ್ಲಿ 1939ರಲ್ಲಿಯೂ ಹದಿನಾಲ್ಕು ಕ್ಲಬ್ಬುಗಳ ಮಿತಿ ಜಾರಿಗೆ ಬಂದಿತು. ಗಾಲ್ಫಿನ ನಿಯಮಗಳಲ್ಲಿ ಇದಕ್ಕಿಂತ ವಿವೇಕಪೂರ್ಣವಾದುದು ಇನ್ನೊಂದಿಲ್ಲವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಯಾವುದನ್ನು ಮನೆಯಲ್ಲಿ ಬಿಟ್ಟುಬರಬೇಕೆಂಬ ವಿಚಾರವೂ ಇದರಿಂದ ಆಯ್ಕೆಯ ಭಾಗವಾಯಿತು.

ಕ್ಲಬ್ಬಿಗೆ ಅಂಕಿ ಬಂದರೂ ನೆಲಕ್ಕೆ ಇನ್ನೂ ಅಂಕಿ ಬಂದಿರಲಿಲ್ಲ. ದೂರವನ್ನು ಕಣ್ಣಂದಾಜಿನಿಂದಲೂ, ಆ ಮೈದಾನದಲ್ಲಿಯೇ ಬೆಳೆದ ಕ್ಯಾಡಿಯ ಮಾತಿನಿಂದಲೂ ತಿಳಿಯಬೇಕಾಗಿದ್ದಿತು. 1961ರ ಅಮೆರಿಕದ ಅಮೆಚೂರ್ ಪಂದ್ಯಕ್ಕಾಗಿ ಪೆಬಲ್ ಬೀಚಿಗೆ ಬಂದಿದ್ದ ಯುವಕ ಜ್ಯಾಕ್ ನಿಕ್ಲಸ್ ಅವರಿಗೆ, ಹೆಜ್ಜೆಯಿಂದ ಅಳೆದು ಚೀಟಿಯಲ್ಲಿ ಬರೆದುಕೊಳ್ಳುವ ಅಭ್ಯಾಸವನ್ನು ಸೂಚಿಸಿದವರು ಸಹಸ್ಪರ್ಧಿ ಡೀನ್ ಬೀಮನ್. ನಿಕ್ಲಸ್ ಆ ಪಂದ್ಯವನ್ನು ಗೆದ್ದರು. ಅಳೆದು ಆಡುವ ರೂಢಿ ಅವರಿಂದ ವೃತ್ತಿಪರರೆಲ್ಲರಿಗೂ ಹಬ್ಬಿತು. ದೂರಮಾಪಕ ಯಂತ್ರಗಳಿಗೆ 2006ರಿಂದ ಸ್ಥಳೀಯ ನಿಯಮದ ಮೂಲಕವೂ, 2019ರಿಂದ ಸಾಮಾನ್ಯವಾಗಿಯೂ ಅನುಮತಿ ದೊರೆಯಿತು. ಇಂದು ಹವ್ಯಾಸಿಯೂ ಲೇಸರಿನಿಂದ ಧ್ವಜದ ದೂರವನ್ನು ಗಜದ ಲೆಕ್ಕದಲ್ಲಿ ತಿಳಿಯಬಲ್ಲನು.

ಆದರೆ ನೆಲದ ಅಂಕಿ ಖಚಿತವಾಗುತ್ತಿದ್ದಂತೆಯೇ ಕ್ಲಬ್ಬಿನ ಅಂಕಿ ಅನಿಶ್ಚಿತವಾಯಿತು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ಇಂಜಿನಿಯರ್ ಆಗಿದ್ದ ಕಾರ್ಸ್ಟನ್ ಸೋಲ್‌ಹೈಮ್ ತಮ್ಮ ಪಿಂಗ್ ಕ್ಲಬ್ಬುಗಳಲ್ಲಿ ತೂಕವನ್ನು ನಡುವಿನಿಂದ ತೆಗೆದು ಅಂಚುಗಳಿಗೆ ಹಂಚಿದರು. 1982ರ ಐ-2 ಮಾದರಿ ಈ ವಿಚಾರವನ್ನು ಲೋಕಪ್ರಿಯಗೊಳಿಸಿತು. ಚೆಂಡು ಮುಖದ ನಡುವಿಗೆ ತಗುಲದಿದ್ದರೂ ಕ್ಲಬ್ ಕಡಮೆ ತಿರುಚಿಕೊಳ್ಳುವುದರಿಂದ ಸಾಮಾನ್ಯ ಆಟಗಾರನಿಗೆ ಇದು ಮಹೋಪಕಾರವೆನಿಸಿತು. ತೂಕ ಕೆಳಗಿಳಿದಾಗ ಚೆಂಡು ತಾನಾಗಿ ಎತ್ತರಕ್ಕೇರುವುದರಿಂದ ಮುಖದ ಓರೆಯನ್ನು ತಗ್ಗಿಸುವುದಕ್ಕೆ ತಯಾರಕರಿಗೆ ಯುಕ್ತವಾದ ಕಾರಣವೂ ಇದ್ದಿತು. ಆದರೆ ತನ್ನ 7ನೆಯ ನಂಬರ್ ಪರರ 7ನೆಯ ನಂಬರಿಗಿಂತ ದೂರ ಹೊಡೆಯುವುದೆಂದು ಸಾರುವ ಪೈಪೋಟಿಯಲ್ಲಿ, ಒಂದು ಕಾಲಕ್ಕೆ 40 ಡಿಗ್ರಿಯ ಆಸುಪಾಸಿನಲ್ಲಿದ್ದ ಆ ಕ್ಲಬ್ಬಿನ ಓರೆ ಈಗ ಹಲವು ಮಾದರಿಗಳಲ್ಲಿ 30ಕ್ಕೂ ಕೆಳಗಿಳಿದಿದೆ. 150 ಗಜದ ಹೊಡೆತಕ್ಕೆ ಗೆಳೆಯನು ಯಾವ ನಂಬರನ್ನು ತೆಗೆದನೆಂದು ಇಣುಕಿನೋಡಿ ತಾನೂ ಅದನ್ನೇ ತೆಗೆಯುವವನಿಗೆ ಇದರಿಂದ ಒದಗುವ ನಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉದ್ದವಾದ 3, 4ನೆಯ ನಂಬರಿನ ಐರನ್ನುಗಳಿಂದ ಚೆಂಡನ್ನು ಎಬ್ಬಿಸಲಾರದವರಿಗಾಗಿ ಹೈಬ್ರಿಡ್ ಕ್ಲಬ್ಬುಗಳು ಬಂದುದು ಮಾತ್ರ ನಿಸ್ಸಂದೇಹವಾಗಿ ಹಿತಕರವಾದ ಬೆಳವಣಿಗೆ.

ಇತ್ತೀಚಿನ ದೊಡ್ಡ ಹೆಜ್ಜೆ ಸಂಖ್ಯಾಶಾಸ್ತ್ರದ್ದು. ಕೊಲಂಬಿಯಾ ವಿಶ್ವವಿದ್ಯಾನಿಲಯದ ಮಾರ್ಕ್ ಬ್ರೋಡಿ ಅವರು ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ ದಾಖಲಾದ ಅಸಂಖ್ಯ ಹೊಡೆತಗಳನ್ನು ವಿಶ್ಲೇಷಿಸಿ, ಶ್ರೇಷ್ಠ ಆಟಗಾರರು ಇತರರಿಗಿಂತ ಗಳಿಸುವ ಮೇಲುಗೈಯಲ್ಲಿ ಸುಮಾರು ಶೇಕಡ 40ರಷ್ಟು ಗ್ರೀನಿನತ್ತ ಹೊಡೆಯುವ ಹೊಡೆತಗಳಿಂದಲೇ ಬರುವುದೆಂದೂ, ಗುಳಿಯತ್ತ ಉರುಳಿಸುವ ಪಟಿಂಗಿನಿಂದ ಬರುವುದು ಶೇಕಡ 15ರಷ್ಟು ಮಾತ್ರವೆಂದೂ 2014ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ತೋರಿಸಿದರು. ಇದಕ್ಕಿಂತಲೂ ಉಪಯುಕ್ತವಾದುದು ಈ ಅಧ್ಯಯನಗಳಿಂದ ಹೊರಟ ಒಂದು ದೃಷ್ಟಿ: ಒಂದು ಕ್ಲಬ್ಬಿನಿಂದ ಹೊಡೆದ ಚೆಂಡುಗಳು ಒಂದೇ ಬಿಂದುವಿನಲ್ಲಿ ಬೀಳದೆ ಒಂದು ವಿಸ್ತಾರದಲ್ಲಿ ಚದುರುತ್ತವೆ, ಆ ಚದುರಿಕೆಯ ಬಹುಭಾಗ ಗ್ರೀನಿನ ಮೇಲೆ ಬೀಳುವಂತೆ ಕ್ಲಬ್ಬನ್ನೂ ಗುರಿಯನ್ನೂ ಆರಿಸಬೇಕು. ಸಾಮಾನ್ಯ ಆಟಗಾರನು ತನ್ನ ಅತ್ಯುತ್ತಮ ಹೊಡೆತ ಎಷ್ಟು ದೂರ ಹೋದೀತೋ ಅದನ್ನೇ ತನ್ನ ದೂರವೆಂದು ನಂಬಿರುವುದರಿಂದ ಅವನ ಚೆಂಡು ಗ್ರೀನಿನ ಮುಂದಿನ ಬಂಕರಿನಲ್ಲಿಯೇ ಹೆಚ್ಚಾಗಿ ಬೀಳುತ್ತದೆ. ಇದಿರುಗಾಳಿ ಕಿತ್ತುಕೊಳ್ಳುವಷ್ಟನ್ನು ಹಿಂಗಾಳಿ ಮರಳಿ ಕೊಡುವುದಿಲ್ಲವೆಂಬುದೂ, ನೀಳವಾದ ಹುಲ್ಲಿನಿಂದ ಹೊಡೆದಾಗ ಚೆಂಡಿಗೂ ಕ್ಲಬ್ಬಿಗೂ ನಡುವೆ ಹುಲ್ಲು ಸಿಕ್ಕಿ ಹಿಮ್ಮುಖ ಸುತ್ತು ಕುಗ್ಗಿ ಚೆಂಡು ಗ್ರೀನನ್ನು ದಾಟಿ ಓಡುವುದುಂಟೆಂಬುದೂ ಈ ಲೆಕ್ಕಕ್ಕೆ ಸೇರಬೇಕಾದ ಸಂಗತಿಗಳು.

ನಮ್ಮ ನೆಲಕ್ಕೂ ಈ ಲೆಕ್ಕದಲ್ಲಿ ಸ್ಥಾನವಿದೆ. 1876ರಲ್ಲಿ ಸ್ಥಾಪಿತವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಮೊದಲ್ಗೊಂಡು ಈ ನಗರದ ಮೈದಾನಗಳೆಲ್ಲ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿವೆ. ಅಲ್ಲಿನ ತೆಳುವಾದ ಗಾಳಿಯಲ್ಲಿ 150 ಗಜದ ಹೊಡೆತ ಮಂಗಳೂರಿನ ಕಡಲಂಚಿಗಿಂತ ಸುಮಾರು ಐದು ಗಜ ಮುಂದೆ ಹೋಗುತ್ತದೆ. 7,000 ಅಡಿಗೂ ಮೇಲಿರುವ ಉದಕಮಂಡಲದಲ್ಲಿ ಈ ಅಂತರ ಒಂದು ಕ್ಲಬ್ಬಿನಷ್ಟಾಗುವುದುಂಟು. ಬೆಂಗಳೂರಿನ ಅದಿತಿ ಅಶೋಕ್ ಅವರು 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ ಕ್ರೀಡೆಯಲ್ಲಿ ಕಂಚಿನ ಪದಕದಿಂದ ಒಂದೇ ಹೊಡೆತದ ಅಂತರದಲ್ಲಿ ನಾಲ್ಕನೆಯ ಸ್ಥಾನ ಪಡೆದಾಗ, ಮೊದಲ ಹೊಡೆತದ ದೂರದಲ್ಲಿ ಅವರು ಸ್ಪರ್ಧಿಗಳ ಸಾಲಿನಲ್ಲಿ ಬಹಳ ಹಿಂದಿದ್ದರು. ಇತರರು ಮಧ್ಯಮ ಐರನ್ ಹಿಡಿಯುವೆಡೆಯಲ್ಲಿ ಉದ್ದ ಕ್ಲಬ್ಬನ್ನು ಸಂಕೋಚವಿಲ್ಲದೆ ಹಿಡಿದು, ಪಟಿಂಗಿನ ಬಲದಿಂದ ಅವರು ಜಗತ್ತಿನ ಅಗ್ರಶ್ರೇಣಿಯವರೊಡನೆ ಸರಿಸಮಾನವಾಗಿ ಸೆಣಸಿದರು.

ಆಡುವ ಓದುಗರಲ್ಲಿ ನನ್ನ ವಿನಂತಿ ಇಷ್ಟೆ: ಅಭ್ಯಾಸದ ಮೈದಾನದಲ್ಲಿ ಪ್ರತಿಯೊಂದು ಐರನ್ನಿನಿಂದಲೂ ಹತ್ತಾರು ಚೆಂಡುಗಳನ್ನು ಹೊಡೆದು, ಅತಿ ದೂರ ಹೋದುದನ್ನು ಲೆಕ್ಕದಿಂದ ಬಿಟ್ಟು, ಉಳಿದವು ಗಾಳಿಯಲ್ಲಿ ಕ್ರಮಿಸಿದ ದೂರದ ಸರಾಸರಿಯನ್ನು ಬರೆದಿಟ್ಟುಕೊಳ್ಳಿ, ಧ್ವಜ ಎಲ್ಲಿಯೇ ಇರಲಿ, ಗ್ರೀನಿನ ಮಧ್ಯವನ್ನು ಮುಟ್ಟುವ ಕ್ಲಬ್ಬನ್ನು ತೆಗೆಯಿರಿ. ತಯಾರಕರಲ್ಲಿಯೂ ಒಂದು ಮಾತು: ವೆಜ್ ಕ್ಲಬ್ಬುಗಳ ಮೇಲೆ ಈಗಾಗಲೇ ಓರೆಯ ಡಿಗ್ರಿಯನ್ನು ಕೆತ್ತುವ ರೂಢಿಯಿದೆ, 5, 6, 7ನೆಯ ನಂಬರಿನ ಐರನ್ನುಗಳ ಮೇಲೆಯೂ ಅಂಕಿಯ ಪಕ್ಕದಲ್ಲಿ ಅದನ್ನು ಕೆತ್ತಬೇಕು.